ಬಿಸಿಲೂರಿನವರಿಗೆ ಸೌನಾ: ಸುಖ ಇರುವುದು ತಣಿಯುವುದರಲ್ಲಿ

(ಬಳ್ಳಾರಿಯಲ್ಲಿ ಬೆಳಗಿನ ವಾಕಿಂಗ್ ಗೆಳೆಯರ ಎದುರು ಕೊಟ್ಟ ಉಪನ್ಯಾಸದ ಬರಹ ರೂಪ)

ಸೌನಾ ಅಂದರೆ ಬಿಸಿ ಗಾಳಿಯಲ್ಲಿ ಕೂತು ಬೆವರುವ ಮರದ ಕೋಣೆ. ಬಳ್ಳಾರಿಯಲ್ಲಿ ಅದರ ಬಗ್ಗೆ ಮಾತಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮನೆ ಬಾಗಿಲು ತೆಗೆದರೆ ಸಾಕಲ್ವಾ, ದುಡ್ಡು ಕೊಟ್ಟು ಬೇರೆ ಬೇಯಬೇಕಾ? ಕೇಳುವುದು ಸರಿಯಾಗಿಯೇ ಇದೆ. ಹಾಗಾಗಿ ಮೊದಲು ಇದಕ್ಕೇ ಉತ್ತರ ಹೇಳಿಬಿಡುತ್ತೇನೆ. ಉಳಿದ ಮಾತೆಲ್ಲ ಇದರಿಂದಲೇ ಹುಟ್ಟುತ್ತದೆ.

ನಮ್ಮ ಬಿಸಿಲು 42 ಡಿಗ್ರಿ ಮುಟ್ಟಿದ ದಿನ ನಾವು ಸುಮ್ನೆ ಕೂತಿರುವುದಿಲ್ಲ. ಗಾಡಿ ಓಡಿಸುತ್ತೇವೆ, ಹೊಲದಲ್ಲಿರುತ್ತೇವೆ, ಅಂಗಡಿ ಮುಂದೆ ನಿಂತಿರುತ್ತೇವೆ. ನೆತ್ತಿ ಸುಡುತ್ತದೆ. ಸಂಜೆಯಾದರೂ ಬಿಡುಗಡೆ ಇಲ್ಲ. ಹಗಲೆಲ್ಲ ಕಾದ ಮಾಳಿಗೆ ರಾತ್ರಿ ಹನ್ನೆರಡರವರೆಗೂ ಝಳ ಬಿಡುತ್ತಲೇ ಇರುತ್ತದೆ. ಮೈಗೆ ತಣಿಯಲು ಹೊತ್ತೇ ಸಿಗುವುದಿಲ್ಲ. ಸೌನಾದಲ್ಲಿ ಬಿಸಿ ಇದರ ಎರಡರಷ್ಟು. ಆದರೆ ಹತ್ತು ನಿಮಿಷ ಅಷ್ಟೇ. ಮೈಮೇಲೆ ಭಾರದ ಬಟ್ಟೆ ಇಲ್ಲ, ಮಾಡಲು ಕೆಲಸ ಇಲ್ಲ, ಬಾಗಿಲು ಎರಡು ಹೆಜ್ಜೆ ದೂರದಲ್ಲಿದೆ. ಹೊರಗೆ ತಣ್ಣೀರು ಕಾದಿದೆ. ಬಿಸಿ ಎರಡೂ ಕಡೆ ಇದೆ, ತಣಿಯುವ ಹೊತ್ತು ಮಾತ್ರ ಸೌನಾದಲ್ಲೇ ಇರುವುದು. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಸೌನಾದ ಸುಖದಲ್ಲಿ ದೊಡ್ಡ ಪಾಲು ನೀವು ಹೊರಗೆ ಬಂದ ಮೇಲೆ ಸಿಗುವಂಥದ್ದು. ನಮ್ಮ ಊರಲ್ಲಿ ಆ ಪಾಲನ್ನು ಜನ ಅಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ.

ಸೌನಾ ಕೋಣೆ ಕಾಯಿಸುವ ಹೀಟರ್‌ಗಳನ್ನು ಕೂರಿಸುವುದು, ಕೆಟ್ಟರೆ ಸರಿ ಮಾಡುವುದು ನನ್ನ ಕೆಲಸ. ಬಳ್ಳಾರಿ, ತೋರಣಗಲ್ಲು, ಹೊಸಪೇಟೆ, ಹಂಪಿ ಸುತ್ತಿನ ರೆಸಾರ್ಟ್‌ಗಳು, ಹೀಗೆ ಓಡಾಡುತ್ತಿರುತ್ತೇನೆ. ಕೆಲಸ ಮುಗಿಸಿ ಅಲ್ಲೇ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಜಿಮ್ ಮುಗಿಸಿ ಬರುತ್ತಾರೆ, ಮೊಬೈಲ್ ಹಿಡಿದೇ ಒಳಗೆ ಹೋಗುತ್ತಾರೆ, ಹಲ್ಲು ಕಚ್ಚಿ ಇಪ್ಪತ್ತು ನಿಮಿಷ ಕೂರುತ್ತಾರೆ, ಕೆಂಪಗಾಗಿ ಹೊರಬಂದು ಬೆವರು ಒರೆಸಿ ಪ್ಯಾಂಟು ಹಾಕಿಕೊಂಡು ಬೈಕ್ ಹತ್ತುತ್ತಾರೆ. ಅರ್ಧ ಗಂಟೆ ಕಳೆದರೂ ಬೆವರು ನಿಂತಿರುವುದಿಲ್ಲ. ಇದರಲ್ಲಿ ಏನು ಆರಾಮ ಬಂತು ಹೇಳಿ?

ಒಳಗೆ ಏನಿರುತ್ತದೆ ಅಂತ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮರದ ಕೋಣೆ, ಮೆಟ್ಟಿಲಿನ ಥರ ಎರಡು ಮೂರು ಹಂತದ ಮರದ ಬೆಂಚು, ಮೂಲೆಯಲ್ಲಿ ಹೀಟರ್, ಅದರ ಮೇಲೆ ಕಲ್ಲಿನ ರಾಶಿ. ಗಾಳಿ 70ರಿಂದ 100 ಡಿಗ್ರಿವರೆಗೆ ಕಾದಿರುತ್ತದೆ. ಸಾಮಾನ್ಯವಾಗಿ 80ರ ಆಸುಪಾಸು. ಗಾಳಿ ಒಣಗಿರುವುದರಿಂದ ಇದನ್ನು ತಡೆದುಕೊಳ್ಳಬಹುದು. ಬೆವರು ಬಂದ ಹಾಗೆ ಆರುತ್ತದೆ, ಆರುವಾಗ ಮೈಯ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಸ್ಟೀಮ್ ಕೋಣೆ ಬೇರೆ. ಅಲ್ಲಿ ಬಿಸಿ 45 ಡಿಗ್ರಿ ಆಚೀಚೆ ಅಷ್ಟೇ, ಆದರೆ ಗಾಳಿ ತುಂಬ ಹಬೆ. ಬೆವರು ಆರುವುದೇ ಇಲ್ಲ, ಅದಕ್ಕೇ ಅಷ್ಟು ಕಡಿಮೆ ಬಿಸಿಯೂ ಜಾಸ್ತಿ ಅನ್ನಿಸುತ್ತದೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಸೌನಾ ಫಿನ್ಲೆಂಡ್ ದೇಶದ್ದು. ಅಲ್ಲಿರುವ ಜನ ಸುಮಾರು 55 ಲಕ್ಷ, ಸೌನಾಗಳು ಸುಮಾರು 30 ಲಕ್ಷ. ಮನೆಮನೆಯಲ್ಲೂ ಇದೆ ಅಂತಲೇ ಲೆಕ್ಕ. ಹಿಂದಿನ ಕಾಲದಲ್ಲಿ ಹೆರಿಗೆ ಮಾಡಿಸುತ್ತಿದ್ದದ್ದೂ ಅಲ್ಲೇ, ಸತ್ತವರನ್ನು ಕೊನೆಯ ಸಲ ತೊಳೆಯುತ್ತಿದ್ದದ್ದೂ ಅಲ್ಲೇ. ತಾಂಪೆರೆ ಅನ್ನುವ ಊರಲ್ಲಿ 1906ರಲ್ಲಿ ಶುರುವಾದ ರಾಯಾಪೋರ್ತಿ ಅನ್ನುವ ಸಾರ್ವಜನಿಕ ಸೌನಾ ಇವತ್ತಿಗೂ ನಡೆಯುತ್ತಿದೆ. ನಮ್ಮ ಪಕ್ಕದ ಹಂಪಿ 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ನಿಮಗೆಲ್ಲ ಗೊತ್ತು. ಹಂಪಿಯಂಥ ಜಾಗಗಳಿಗೆ ಒಂದು ಪಟ್ಟಿ, ಜನರ ರೂಢಿಗಳಿಗೆ ಇನ್ನೊಂದು ಪಟ್ಟಿ. ಆ ಎರಡನೆಯ ಪಟ್ಟಿಗೆ 2020ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ಸೌನಾ ಸೇರಿತು. ಸೇರಿದ್ದು ಕಟ್ಟಡವಲ್ಲ, ಕೂರುವ ರೀತಿ. ಅವರಲ್ಲಿ ಒಂದು ಗಾದೆ ಇದೆ: ಸೌನಾದಲ್ಲಿ ಚರ್ಚಿನಲ್ಲಿ ಇದ್ದ ಹಾಗೆ ಇರಬೇಕು. ಜಗಳ ಇಲ್ಲ, ಗಟ್ಟಿ ಮಾತಿಲ್ಲ, ಅವಸರ ಇಲ್ಲ.

ಈಗ ಹೋಗುವ ಮುಂಚಿನ ಮಾತು. ಹೊಟ್ಟೆ ಬಿರಿಯುವಷ್ಟು ತಿಂದು ಹೋಗಬೇಡಿ. ಒಗ್ಗರಣಿ ಮಿರ್ಚಿ ತಿಂದ ಮೇಲೆ ಎರಡು ಗಂಟೆಯಾದರೂ ಬಿಡಿ. ಖಾಲಿ ಹೊಟ್ಟೆಯಲ್ಲೂ ಬೇಡ, ತಲೆ ಸುತ್ತುತ್ತದೆ. ಹೋಗುವುದಕ್ಕೆ ಮುಂಚೆ ಒಂದೆರಡು ಲೋಟ ನೀರು ಕುಡಿಯಿರಿ. ಆಮೇಲೆ ಸೋಪು ಹಾಕಿ ಸ್ನಾನ ಮಾಡಿ, ಟವೆಲ್‌ನಿಂದ ಪೂರ್ತಿ ಒರೆಸಿಕೊಳ್ಳಿ. ಮೈ ಒಣಗಿದ್ದರೆ ಬೆವರು ಬೇಗ ಬರುತ್ತದೆ. ಮೈಮೇಲೆ ಎಣ್ಣೆ, ಕ್ರೀಮು ಬೇಡ. ಮೊದಲು ಸ್ನಾನ ಮಾಡುವುದು ನಿಮ್ಮ ಪಕ್ಕದಲ್ಲಿ ಕೂರುವವರಿಗೆ ನೀವು ಕೊಡುವ ಮರ್ಯಾದೆ ಕೂಡ.

ಒಡವೆ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಕಡೆ ಮೈಮೇಲೆ ಬೆಳ್ಳಿ ಬಂಗಾರ ಇಲ್ಲದವರು ಕಡಿಮೆ. 80 ಡಿಗ್ರಿ ಗಾಳಿ ಚರ್ಮವನ್ನು ಸುಡುವುದಿಲ್ಲ, ಯಾಕಂದರೆ ಗಾಳಿ ಬಿಸಿಯನ್ನು ನಿಧಾನವಾಗಿ ದಾಟಿಸುತ್ತದೆ. ಲೋಹ ಹಾಗಲ್ಲ. ಬೆಳ್ಳಿಯಂತೂ ಲೋಹಗಳಲ್ಲೇ ಎಲ್ಲಕ್ಕಿಂತ ವೇಗವಾಗಿ ಬಿಸಿ ದಾಟಿಸುತ್ತದೆ. ಉಡದಾರ, ಕಾಲುಂಗುರ, ಕಡಗ, ಕೊರಳ ಸರ ಎಲ್ಲ ತೆಗೆದಿಟ್ಟು ಹೋಗಿ. ಉಡದಾರ ಬಿಗಿಯಾಗಿದ್ದು ತೆಗೆಯಲು ಬರುವುದಿಲ್ಲ ಅಂದರೆ ಅದರ ಕೆಳಗೆ ಒಣ ಟವೆಲ್ ಸುತ್ತಿಕೊಂಡು ಕೆಳಗಿನ ಬೆಂಚಿನಲ್ಲೇ ಕೂರಿ. ಇಷ್ಟಲಿಂಗ ಧರಿಸುವ ಹಿರಿಯರು ಕೆಲವರು ನನ್ನನ್ನು ಕೇಳಿದ್ದಾರೆ. ಬೆಳ್ಳಿ ಕರಡಿಗೆಯನ್ನು ಹೊರಗೆ ಬಿಟ್ಟು, ಲಿಂಗವನ್ನು ದಪ್ಪ ಅರಿವೆಯಲ್ಲಿ ಕಟ್ಟಿಕೊಂಡರೆ ಬಿಸಿ ತಾಗುವುದಿಲ್ಲ. ಕನ್ನಡಕವನ್ನೂ ಹೊರಗೇ ಇಡಿ.

ಒಳಗೆ ಹೋದಮೇಲೆ ಟವೆಲ್ ಹಾಸಿ ಅದರ ಮೇಲೆ ಕೂರಬೇಕು. ಹೊಸಬರು ಕೆಳಗಿನ ಬೆಂಚು ಹಿಡಿಯಿರಿ. ಬಿಸಿ ಗಾಳಿ ಮೇಲಕ್ಕೆ ಏರುತ್ತದೆ, ಹಾಗಾಗಿ ಕೆಳಗಿನ ಬೆಂಚಿಗೂ ಮೇಲಿನದಕ್ಕೂ ಇಪ್ಪತ್ತು ಮೂವತ್ತು ಡಿಗ್ರಿ ವ್ಯತ್ಯಾಸ ಇರಬಹುದು. ಕಾಲು ಕೆಳಗೆ ಇಳಿಬಿಟ್ಟರೆ ತಲೆ ಕಾದಿರುತ್ತದೆ, ಪಾದ ತಣ್ಣಗಿರುತ್ತದೆ. ಕಾಲನ್ನು ಬೆಂಚಿನ ಮೇಲೆ ಎತ್ತಿಟ್ಟು ಮಂಡಿ ಮಡಚಿ ಕೂತರೆ ಮೈಯೆಲ್ಲ ಒಂದೇ ಹದಕ್ಕೆ ಬರುತ್ತದೆ. ಜಾಗ ಇದ್ದರೆ ಮಲಗುವುದು ಇನ್ನೂ ಒಳ್ಳೆಯದು. ಏಳುವ ಮುಂಚೆ ಮಾತ್ರ ಒಂದೆರಡು ನಿಮಿಷ ಎದ್ದು ಕೂತು ಆಮೇಲೆ ನಿಲ್ಲಿ. ಬಿಸಿಗೆ ರಕ್ತನಾಳ ಅಗಲವಾಗಿರುತ್ತದೆ. ದಿಢೀರನೆ ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ.

ಎಷ್ಟು ಹೊತ್ತು? ಎಂಟರಿಂದ ಹದಿನೈದು ನಿಮಿಷ. ಗಡಿಯಾರಕ್ಕಿಂತ ಮೈ ಮಾತು ಕೇಳಿ. ಮೊದಲು ಹಿತ ಅನ್ನಿಸುತ್ತದೆ. ಆಮೇಲೆ ಹಣೆ, ಎದೆ, ಬೆನ್ನಲ್ಲಿ ಬೆವರು ಧಾರೆ ಕಟ್ಟುತ್ತದೆ. ಆಮೇಲೆ ಒಂದು ಗಳಿಗೆ ಬರುತ್ತದೆ, ತಣ್ಣೀರಿನ ಯೋಚನೆ ತಾನಾಗಿ ಬರುವ ಗಳಿಗೆ. ಹೊರಡಬೇಕಾದ್ದು ಆಗ. ಎದೆ ಡವಡವ ಅನ್ನುವವರೆಗೆ, ಓಕರಿಕೆ ಬರುವವರೆಗೆ ಕಾಯಬಾರದು.

ಪಂದ್ಯ ಕಟ್ಟುವವರಿಗೆ ಒಂದು ಮಾತು ಹೇಳಲೇಬೇಕು. ಫಿನ್ಲೆಂಡಿನ ಹೈನೊಲಾ ಊರಲ್ಲಿ 1999ರಿಂದ ಸೌನಾ ಚಾಂಪಿಯನ್‌ಶಿಪ್ ನಡೆಯುತ್ತಿತ್ತು. 110 ಡಿಗ್ರಿ ಬಿಸಿಯಲ್ಲಿ ಯಾರು ಜಾಸ್ತಿ ಹೊತ್ತು ಕೂರುತ್ತಾರೆ ಅನ್ನುವ ಸ್ಪರ್ಧೆ. 2010ರ ಆಗಸ್ಟ್‌ನಲ್ಲಿ ಫೈನಲ್‌ಗೆ ಬಂದ ಇಬ್ಬರೂ ಒಳಗೇ ಕುಸಿದರು. ಒಬ್ಬರು ಸತ್ತೇ ಹೋದರು, ಇನ್ನೊಬ್ಬರಿಗೆ ಮೈಯೆಲ್ಲ ಸುಟ್ಟಿತು. ಸ್ಪರ್ಧೆ ಅಲ್ಲಿಗೆ ನಿಂತಿತು. ಸೌನಾ ಹುಟ್ಟಿದ ದೇಶದಲ್ಲೇ ಹೀಗಾಯಿತು. ನಿಮ್ಮ ಗೆಳೆಯ ನಿಮಗಿಂತ ಐದು ನಿಮಿಷ ಜಾಸ್ತಿ ಕೂತರೆ ಕೂರಲಿ ಬಿಡಿ.

ಈಗ ನನಗೆ ತುಂಬ ಇಷ್ಟದ ಭಾಗ, ಕಲ್ಲಿಗೆ ನೀರು ಹಾಕುವುದು. ಮರದ ಬಕೆಟ್, ಮರದ ಸೌಟು ಇರುತ್ತವಲ್ಲ, ಅವು ಅಲಂಕಾರಕ್ಕೆ ಇಟ್ಟಿದ್ದಲ್ಲ. ಒಂದು ಸೌಟು ನೀರು ತೆಗೆದು ಕಲ್ಲಿನ ಮೇಲೆ ನಿಧಾನವಾಗಿ ಹರಡಿ ಹಾಕಿ. ಚುಂಯ್ ಅಂತ ಶುರುವಾಗಿ ಒಳಗೆ ಇಳಿದ ಹಾಗೆ ಸದ್ದು ತಗ್ಗುತ್ತದೆ. ಎರಡು ಮೂರು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಹಬೆ ಸೂರಿಗೆ ಬಡಿದು ತಿರುಗಿ ಮೊದಲು ಕಿವಿ ಮೇಲೆ, ಆಮೇಲೆ ಭುಜದ ಮೇಲೆ, ಬೆನ್ನ ಮೇಲೆ ಇಳಿಯುತ್ತದೆ. ಫಿನ್ಲೆಂಡಿನವರು ಈ ಹಬೆಯನ್ನು ಲೊಯ್ಲು ಅನ್ನುತ್ತಾರೆ. ಅದು ಬರುವಾಗ ತಲೆ ಸ್ವಲ್ಪ ತಗ್ಗಿಸಿ, ಬಾಯಿಂದ ನಿಧಾನ ಉಸಿರಾಡಿ. ಹಬೆ ಹರಡಿ ಹೋಗುವವರೆಗೆ ಇನ್ನೊಂದು ಸೌಟು ಹಾಕಬೇಡಿ. ಹಾಕುವ ಮುಂಚೆ ಒಳಗಿರುವವರನ್ನು ‘ಹಾಕಲಾ?’ ಅಂತ ಕೇಳಿ.

ನೀರು ಹಾಕಬಾರದು ಅಂತ ಬೋರ್ಡ್ ಇದ್ದರೆ ಹಾಕಲೇಬೇಡಿ. ಕೆಲವು ಹೀಟರ್‌ಗಳು ಅದಕ್ಕೆ ಮಾಡಿದವಲ್ಲ, ಕರೆಂಟಿನ ಕೆಲಸ ಇದು. ಇನ್ನು ನೀಲಗಿರಿ ಎಣ್ಣೆ. ಸೀಸೆಯಿಂದ ನೇರವಾಗಿ ಕಲ್ಲಿಗೆ ಸುರಿಯುವವರನ್ನು ಕಂಡರೆ ನನಗೆ ಜೀವ ಬಾಯಿಗೆ ಬರುತ್ತದೆ. ಆ ಎಣ್ಣೆ ಹೊತ್ತಿಕೊಳ್ಳುತ್ತದೆ. ಬಕೆಟ್ ನೀರಿಗೆ ಎರಡು ಮೂರು ಹನಿ ಸಾಕು. ಅಷ್ಟಕ್ಕೇ ಕೋಣೆ ಘಮ್ ಅನ್ನುತ್ತದೆ.

ನಮ್ಮ ಊರಿಗೇ ಸೇರಿದ ಒಂದು ತೊಂದರೆ ಇದೆ. ಇಲ್ಲಿನ ಬೋರ್ ನೀರು ಗಡಸು. ಕಲ್ಲಿಗೆ ಹಾಕಿದಾಗ ನೀರು ಹಬೆಯಾಗಿ ಹೋಗುತ್ತದೆ, ಸುಣ್ಣ ಅಲ್ಲೇ ಕೂರುತ್ತದೆ. ನಾನು ಹೀಟರ್ ಬಿಚ್ಚಿದಾಗ ಕೆಲವು ಕಡೆ ಕಲ್ಲುಗಳು ಬೆಳ್ಳಗೆ ಬೂದಿ ಬಳಿದ ಹಾಗೆ ಕಾಣುತ್ತವೆ, ಕೈಯಲ್ಲಿ ಹಿಡಿದು ಒತ್ತಿದರೆ ಪುಡಿ ಉದುರುತ್ತದೆ. ಅಂಥ ಕಲ್ಲು ಬಿಸಿ ಹಿಡಿದಿಡುವುದಿಲ್ಲ. ಗಾಳಿ ಓಡಾಡುವ ಸಂದು ಮುಚ್ಚಿ ಕೆಳಗಿನ ಕಾಯಿಲ್ ಸುಡುತ್ತದೆ. ಬಕೆಟ್‌ಗೆ ಫಿಲ್ಟರ್ ನೀರೋ ತುಂಗಭದ್ರೆಯ ನಲ್ಲಿ ನೀರೋ ತುಂಬಿಸಿ. ವರ್ಷಕ್ಕೆ ಒಂದು ಸಲವಾದರೂ ಕಲ್ಲು ಇಳಿಸಿ, ತೊಳೆದು, ಒಡೆದವನ್ನು ತೆಗೆದು, ದೊಡ್ಡವು ಕೆಳಗೆ ಚಿಕ್ಕವು ಮೇಲೆ ಬರುವ ಹಾಗೆ ಸಡಿಲವಾಗಿ ಜೋಡಿಸಬೇಕು. ಬಳ್ಳಾರಿ ಬೆಟ್ಟದಲ್ಲಿ ಕಲ್ಲಿಗೇನು ಬರ ಅಂತ ಕೇಳುತ್ತಾರೆ. ಸಿಕ್ಕ ಕಲ್ಲು ನಡೆಯುವುದಿಲ್ಲ. ಕಾದಾಗ ನೀರು ಬಿದ್ದರೆ ಕೆಲವು ಕಲ್ಲು ಪಟಾರ್ ಅಂತ ಸಿಡಿಯುತ್ತವೆ. ಸೌನಾಕ್ಕೆಂದೇ ಬರುವ ಕಲ್ಲನ್ನೇ ಹಾಕಿ.

ಫಿನ್ಲೆಂಡಿನಲ್ಲಿ ಬರ್ಚ್ ಮರದ ಎಳೆ ಕೊಂಬೆಗಳನ್ನು ಎಲೆ ಸಮೇತ ಕಟ್ಟಿ, ನೀರಲ್ಲಿ ನೆನೆಸಿ, ಅದರಿಂದ ಭುಜ ಬೆನ್ನಿಗೆ ಮೆಲ್ಲಗೆ ಬಡಿದುಕೊಳ್ಳುತ್ತಾರೆ. ನಮ್ಮಲ್ಲಿ ಬರ್ಚ್ ಇಲ್ಲ, ಬೇವಿದೆ. ಯುಗಾದಿಗೆ ಬೇವಿನ ಎಲೆ ಹಾಕಿದ ನೀರಲ್ಲಿ ಸ್ನಾನ ಮಾಡುವವರು ನಾವು. ಎಳೆ ಬೇವಿನ ಟೊಂಗೆಗಳ ಒಂದು ಕಟ್ಟನ್ನು ಬಿಸಿನೀರಲ್ಲಿ ನೆನೆಸಿ ಒಳಗೆ ಒಯ್ದು ನೋಡಿ. ಆ ಕಹಿ ವಾಸನೆ ಬಿಸಿ ಗಾಳಿಯಲ್ಲಿ ಎಷ್ಟು ಚೆನ್ನಾಗಿರುತ್ತದೆ ಅಂತ ಹೇಳಿ ತಿಳಿಸಲಿಕ್ಕಾಗದು. ಚರ್ಮಕ್ಕೆ ಅಲರ್ಜಿ ಇರುವವರು ಬೇಡ. ಬಿದ್ದ ಎಲೆಗಳನ್ನು ನೀವೇ ಆರಿಸಿ ಬನ್ನಿ.

ಈಗ ಹೊರಗೆ ಬರೋಣ. ಇಲ್ಲಿ ಅವಸರ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಮೊದಲು ಎರಡು ನಿಮಿಷ ಗಾಳಿಯಲ್ಲಿ ನಿಲ್ಲಿ ಅಥವಾ ಕೂರಿ. ಮೈಯಿಂದ ಹಬೆ ಏಳುವುದು ಚಳಿಗಾಲದಲ್ಲಿ ಕಣ್ಣಿಗೇ ಕಾಣುತ್ತದೆ. ಆಮೇಲೆ ನೀರು. ಪಾದದಿಂದ ಶುರು ಮಾಡಿ, ಮಂಡಿ, ಕೈ, ಭುಜ, ಕೊನೆಗೆ ತಲೆ. ಐಸ್ ನೀರಿಗೆ ಧುಮುಕುವುದು ಫಿನ್ಲೆಂಡಿನವರಿಗೆ ಚಿಕ್ಕಂದಿನಿಂದ ಅಭ್ಯಾಸ. ಬಿಪಿ, ಹೃದಯದ ತೊಂದರೆ ಇರುವವರಿಗೆ ಅದು ಅಪಾಯ. ನಮಗೆ ಗಡಿಗೆಯ ನೀರಿನ ತಂಪು ಸಾಕು.

ಇಲ್ಲಿ ಬೇಸಿಗೆಯ ಇನ್ನೊಂದು ಸಂಕಟ. ಮೇ ತಿಂಗಳ ಸಂಜೆ ಆರು ಗಂಟೆಗೆ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಬಿಟ್ಟರೆ ಷವರ್‌ನಲ್ಲಿ ಕಾಯಿಸಿದ ನೀರೇ ಬರುತ್ತದೆ. ತಣಿಯುವುದು ಹೇಗೆ? ಬೆಳಗ್ಗೆಯೇ ದೊಡ್ಡ ಬಕೆಟ್ ಎರಡರಲ್ಲಿ ನೀರು ತುಂಬಿ ನೆರಳಲ್ಲಿ ಇಡಲು ಹೇಳಿ. ನೆಲದ ಕೆಳಗಿನ ಸಂಪಿನ ನೀರು ಸಿಕ್ಕರೆ ಇನ್ನೂ ಒಳ್ಳೆಯದು, ಅದು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅದೂ ಇಲ್ಲದಿದ್ದರೆ ಬೇಸಿಗೆಯಲ್ಲಿ ಬೆಳಗಿನ ಜಾವಕ್ಕೆ ಹೋಗಿ. ಇಡೀ ದಿನ ಬಿಸಿಲಲ್ಲಿ ದುಡಿದ ಸಂಜೆ ಸೌನಾ ಬೇಡವೇ ಬೇಡ, ಮೈಯಲ್ಲಿ ಆಗಲೇ ನೀರು ಕಮ್ಮಿಯಾಗಿರುತ್ತದೆ. ನನ್ನ ಕೇಳಿದರೆ ನಮ್ಮ ಊರಿಗೆ ಸೌನಾದ ಕಾಲ ಅಂದರೆ ಜುಲೈಯಿಂದ ಫೆಬ್ರವರಿ. ಮಳೆಗಾಲದ ಗಾಳಿ ಬೀಸುವ ಸಂಜೆ, ಡಿಸೆಂಬರ್, ಜನವರಿಯ ರಾತ್ರಿ.

ನೀರು ಹಾಕಿಕೊಂಡ ಮೇಲೆ ಬಟ್ಟೆ ಹಾಕಿಕೊಳ್ಳಲು ಓಡಬೇಡಿ. ಒಣ ಟವೆಲ್ ಸುತ್ತಿಕೊಂಡು ಕೂರಿ, ಒಳಗೆ ಕೂತಷ್ಟೇ ಹೊತ್ತು ಹೊರಗೂ ಕೂರಿ. ದೀಪಾವಳಿಯಲ್ಲಿ ಎಣ್ಣೆ ಹಚ್ಚಿ ಹಂಡೆ ನೀರು ಹಾಕಿದ ಮೇಲೆ ಅವ್ವಂದಿರು ಮಕ್ಕಳನ್ನು ಹೊದಿಸಿ ಮಲಗಿಸುತ್ತಾರಲ್ಲ, ಆಗ ಮೈ ಹಗುರಾಗಿ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸ್ಥಿತಿ ಬರುತ್ತದೆ. ಅದೇ ಇದು. ಒಳಗಿದ್ದಾಗ ಹೃದಯ ನಿಮಿಷಕ್ಕೆ ನೂರರ ಮೇಲೆ ಬಡಿದಿರುತ್ತದೆ, ಬಿರುಸಾಗಿ ನಡೆದಾಗ ಬಡಿಯುವ ಹಾಗೆ. ಈಗ ಅದು ಮೆಲ್ಲಗೆ ಇಳಿಯುತ್ತದೆ, ಬಿಗಿದ ಸ್ನಾಯು ಸಡಿಲಾಗುತ್ತವೆ. ಈ ಇಳಿಯುವ ಹೊತ್ತಿಗೆ ನೀವು ಎಚ್ಚರದಿಂದ ಜೊತೆಗಿರಬೇಕು. ಮೊಬೈಲ್ ಲಾಕರ್‌ನಲ್ಲೇ ಇರಲಿ. ಅಷ್ಟಕ್ಕೂ ಸೌನಾ ಒಳಗಿನ ಬಿಸಿಗೆ ಅದರ ಬ್ಯಾಟರಿ ಕೆಡುತ್ತದೆ.

ಮತ್ತೆ ಒಳಗೆ ಹೋಗಬೇಕು ಅನ್ನಿಸಿದರೆ ಹೋಗಿ. ಎರಡು ಅಥವಾ ಮೂರು ಸುತ್ತು ಸಾಕು. ಎರಡನೇ ಸುತ್ತು ಮೊದಲನೆಯದಕ್ಕಿಂತ ಹಿತವಾಗಿರುತ್ತದೆ, ಯಾಕಂದರೆ ಬೆವರಲು ಮೈ ಆಗಲೇ ತಯಾರಾಗಿರುತ್ತದೆ. ಪೂರ್ತಿ ತಣಿದ ಮೇಲೆಯೇ ಬಟ್ಟೆ. ಒಂದು ಸಲಕ್ಕೆ ಸುಮಾರು ಅರ್ಧ ಲೀಟರ್ ಬೆವರು ಹೋಗಿರುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆಹಣ್ಣಿನ ಶರಬತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಬೀರು, ವಿಸ್ಕಿ ಮುಂಚೆಯೂ ಬೇಡ, ನಡುವೆಯೂ ಬೇಡ. ಸೌನಾದಲ್ಲಿ ಆಗುವ ಸಾವುಗಳಲ್ಲಿ ಕುಡಿತದ ಪಾಲು ದೊಡ್ಡದು. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಮುಗಿಯುವ ಹಾಗೆ ಹೋದರೆ ರಾತ್ರಿ ನಿದ್ದೆ ಬೇಗ ಹತ್ತುತ್ತದೆ. ಏರಿದ ಮೈಬಿಸಿ ಇಳಿಯುವಾಗ ನಿದ್ದೆ ಬರುವುದು ಮೈಯ ಗುಣ.

ತೂಕದ ಮಾತು ಬೇಗ ಮುಗಿಸುತ್ತೇನೆ. ಸೌನಾದಿಂದ ಬಂದು ತಕ್ಕಡಿ ಹತ್ತಿದರೆ ಅರ್ಧ ಕಿಲೋ ಕಮ್ಮಿ ಕಾಣುತ್ತದೆ. ಅದು ನೀರು, ಮಜ್ಜಿಗೆ ಕುಡಿದರೆ ವಾಪಸ್ ಬರುತ್ತದೆ. ಬೆವರಿನ ಜೊತೆ ವಿಷವೆಲ್ಲ ಹೋಗುತ್ತದೆ ಅನ್ನುವುದನ್ನೂ ನಂಬಬೇಡಿ. ಬೆವರು ಅಂದರೆ ಹೆಚ್ಚಿನ ಪಾಲು ನೀರು, ಸ್ವಲ್ಪ ಉಪ್ಪು. ಆ ಕೆಲಸಕ್ಕೆ ಕಿಡ್ನಿ, ಲಿವರ್ ಇವೆ. ಹೃದಯದ ಬಗ್ಗೆ ಮಾತ್ರ ಗಟ್ಟಿಯಾದ ಒಂದು ಅಧ್ಯಯನ ಇದೆ. ಪೂರ್ವ ಫಿನ್ಲೆಂಡಿನ 2,315 ಮಧ್ಯವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿ 2015ರಲ್ಲಿ ವರದಿ ಬಂತು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾ ಮಾಡುವವರಲ್ಲಿ, ಒಂದೇ ಸಲ ಮಾಡುವವರಿಗಿಂತ, ಹೃದಯದ ಕಾರಣಕ್ಕೆ ದಿಢೀರ್ ಸಾಯುವವರು ಕಮ್ಮಿ ಇದ್ದರು. ಇದು ನೋಡಿ ಲೆಕ್ಕ ಹಾಕಿದ್ದು, ಸೌನಾವೇ ಕಾರಣ ಅಂತ ಸಾಬೀತಾದಂತಲ್ಲ. ಆರಾಮಕ್ಕಾಗಿ ಹೋಗಿ. ಆರೋಗ್ಯ ಸಿಕ್ಕರೆ ಅದು ಮೇಲಿನದು.

ಹೋಗಬಾರದವರು ಯಾರು ಅಂತ ಸ್ಪಷ್ಟವಾಗಿ ಹೇಳಬೇಕು. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು, ಕೂತಲ್ಲೇ ಎದೆ ನೋವು ಬರುವವರು, ಜ್ವರ ಇರುವವರು ಬೇಡ. ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಹೋಗಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ, ಅವರು ಹೀಟರ್‌ನಿಂದ ದೂರ ಇರಬೇಕು. ಮಗುವಿಗಾಗಿ ಕಾಯುತ್ತಿರುವ ಗಂಡಸರು ಕೆಲವು ತಿಂಗಳು ಬಿಡುವುದು ಒಳ್ಳೆಯದು. ಬಿಸಿಗೆ ವೀರ್ಯಾಣು ಕಮ್ಮಿಯಾಗುತ್ತವೆ, ನಿಲ್ಲಿಸಿದರೆ ಮತ್ತೆ ಸರಿಹೋಗುತ್ತವೆ.

ಮುಂದಿನ ಸಾಲಿನಲ್ಲಿ ಕೂತಿರುವ ಅಮ್ಮ ಕೇಳುತ್ತಿದ್ದಾರೆ, ‘ಮಂಡಿ ನೋವಿಗೆ ಆಗುತ್ತೇನಪ್ಪಾ?’ ಅಂತ. ಅಮ್ಮಾ, ಬಿಸಿಗೆ ಬಿಗಿತ ಸಡಿಲಾಗಿ ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಸವೆದ ಕೀಲು ಅದರಿಂದ ಸರಿಹೋಗುವುದಿಲ್ಲ. ಮಂಡಿ ಊದಿ ಕೆಂಪಗಿದ್ದ ದಿನ ಹೋಗಬೇಡಿ. ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ, ಕೆಳಗಿನ ಬೆಂಚಿನಲ್ಲಿ ಐದಾರು ನಿಮಿಷ ಸಾಕು. ಹೆಂಗಸರಿಗೆ ಬೇರೆ ಸಮಯ ಇದೆಯಾ ಅಂತ ಮುಂಚೆ ಫೋನ್ ಮಾಡಿ ಕೇಳಿ. ಇಲ್ಲ ಅಂದರೆ ‘ಇಡಿ’ ಅಂತ ಕೇಳಿ. ಹತ್ತು ಜನ ಕೇಳಿದರೆ ಇಟ್ಟೇ ಇಡುತ್ತಾರೆ.

ಮನೆಯಲ್ಲೇ ಕಟ್ಟಿಸಬಹುದಾ ಅಂತ ಹಿಂದಿನಿಂದ ಒಬ್ಬ ಅಣ್ಣ ಚೀಟಿ ಕಳಿಸಿದ್ದಾರೆ. ಕಟ್ಟಿಸಬಹುದು. ಕೋಣೆ ಚಿಕ್ಕದಿರಲಿ, ಸೂರು ಏಳಡಿ ಸಾಕು, ಎತ್ತರ ಜಾಸ್ತಿಯಾದರೆ ಬಿಸಿಯೆಲ್ಲ ಮೇಲೆ ವ್ಯರ್ಥ. ಒಂದು ಘನ ಮೀಟರ್‌ಗೆ ಸುಮಾರು ಒಂದು ಕಿಲೋವ್ಯಾಟ್ ಹೀಟರ್ ಲೆಕ್ಕ. ಆರು ಕಿಲೋವ್ಯಾಟ್ ಅಂದರೆ ತ್ರೀ ಫೇಸ್ ಲೈನ್ ಇದ್ದರೆ ಒಳ್ಳೆಯದು, ಅರ್ಥಿಂಗ್ ಪಕ್ಕಾ ಇರಬೇಕು. ಪ್ಲೈವುಡ್ ಬೇಡ, ಪಾಲಿಶ್ ಬೇಡ, ಬಿಸಿಗೆ ಅಂಟಿನ ವಾಸನೆ ಬಿಡುತ್ತದೆ. ಮೊಳೆಯ ತಲೆ ಮರದೊಳಗೆ ಹೂತಿರಬೇಕು, ಬೆನ್ನಿಗೆ ತಾಗಿದರೆ ಸುಡುತ್ತದೆ. ಹೀಟರ್ ಹತ್ತಿರ ಕೆಳಗೆ ಗಾಳಿ ಬರಲು ಒಂದು ಕಿಂಡಿ, ಎದುರು ಗೋಡೆಯಲ್ಲಿ ಹೋಗಲು ಒಂದು ಕಿಂಡಿ. ಬಾಗಿಲು ಹೊರಕ್ಕೇ ತೆರೆಯಬೇಕು, ತಳ್ಳಿದರೆ ಸಾಕು ಅನ್ನುವಂತಿರಬೇಕು. ಒಳಗೂ ಹೊರಗೂ ಚಿಲಕ ಹಾಕಿಸಲೇಬೇಡಿ.